ಮೇಷ್ಟ್ರ ಕುದುರೆ ಪರೀಕ್ಷೆ

ಇಂಗ್ಲಿಷಿನ ಒಂದು ಪದದ ನಡುವೆ ಎರಡು ಅಕ್ಷರ ಹೆಚ್ಚಿಗೆ ಕೂತಿದ್ದನ್ನು ಗಮನಿಸದೆ ಹೋದದ್ದೇ ಪರಮೇಶ್ವರಯ್ಯ ಮೇಷ್ಟ್ರ ಆ ದಿನದ ಪಾಡಿಗೆಲ್ಲ ಕಾರಣ.

ಚಿಕ್ಕಮಗಳೂರಿಗೆ ಮೋಟಾರು ಗಾಡಿ ಬಂತೆಂದರೆ ಜನ ಊಟ ಬಿಟ್ಟು ಬೀದಿಗೆ ಬರುತ್ತಿದ್ದ ಕಾಲ ಅದು. ಮೇಷ್ಟ್ರು ಕೋಟೆ ಕಡೆಯ ಒಂದು ವಠಾರದಲ್ಲಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಶಾಲೆಯಲ್ಲಿ ಪಾಠ, ಸಂಜೆಯಿಂದ ಮಲಗುವವರೆಗೆ ಅಮಲ್ದಾರಿ ಪರೀಕ್ಷೆಯ ಓದು. ಅವರಿಗೆ ದರ್ಬಾರು ಮಾಡುವ ಆಸೆಯೇನೂ ಇರಲಿಲ್ಲ. ಚಿಕ್ಕವರಿದ್ದಾಗ ಕಳಸದಿಂದ ಮೂಡಿಗೆರೆಯ ಕಚೇರಿಗೆ ತಂದೆಯ ಜೊತೆ ಕಾಡುದಾರಿಯಲ್ಲಿ ನಡೆದು ಬಂದು, ಒಂದು ಕಾಗದಕ್ಕಾಗಿ ಇಡೀ ದಿನ ಜಗಲಿಯಲ್ಲಿ ನಿಂತೇ ಕಾದ ನೆನಪು ಅವರಲ್ಲಿ ಉಳಿದುಬಿಟ್ಟಿತ್ತು. ತಾನು ಅಮಲ್ದಾರನಾದರೆ ಮೊದಲು ಮಾಡುವ ಕೆಲಸ ಕಚೇರಿಯ ಜಗಲಿಗೆ ಎರಡು ಬೆಂಚು ಹಾಕಿಸುವುದು ಎಂದು ಅವರು ಹೆಂಡತಿ ಸುಶೀಲಾಗೆ ಹೇಳಿದ್ದರು. ಎರಡು ಬೆಂಚಿಗಾಗಿ ಇಷ್ಟು ಓದಬೇಕೇ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ರುಬ್ಬುಗುಂಡು ತಿರುಗಿಸುತ್ತ ಪುಸ್ತಕ ನೋಡಿ ಪ್ರಶ್ನೆ ಕೇಳಿದಳು. ಕೇಳುತ್ತ ಕೇಳುತ್ತ ತಾನೂ ಇಂಗ್ಲಿಷ್ ಅಕ್ಷರ ಕಲಿತಳು. ಪಕ್ಕದ ಮನೆಯ ನಂಜಮ್ಮನವರಿಗೆ ಗೋಡೆಯಾಚೆಯಿಂದ ಕೇಳಿಯೇ ಯೂರೋಪಿನ ರಾಜಧಾನಿಗಳೆಲ್ಲ ಬಾಯಿಗೆ ಬಂದಿದ್ದವು. ದೇವರ ಮುಂದೆ ಹೂ ಏರಿಸುವಾಗ ಒಮ್ಮೊಮ್ಮೆ ಸಹಸ್ರನಾಮದ ನಡುವೆ ಬ್ರಸೆಲ್ಸ್ ಬಂದುಬಿಡುತ್ತಿತ್ತು.

ಹೀಗೆ ಇಡೀ ವಠಾರವೇ ಓದಿ ಪಾಸಾದ ಪರೀಕ್ಷೆ ಅದು. ಬರವಣಿಗೆಯ ಪತ್ರಿಕೆಗಳಲ್ಲಿ ಮೇಷ್ಟ್ರು ಜಿಲ್ಲೆಗೇ ಮೊದಲಿಗರಾದರು. ಕೊನೆಯದಾಗಿ ಇನ್ನೊಂದೇ ವಿಷಯ ಉಳಿದಿದೆ, ಇಂಥ ದಿನ ಸಂಜೆ ನಾಲ್ಕಕ್ಕೆ ಪೊಲೀಸ್ ಲೈನಿನ ಕವಾಯತು ಮೈದಾನಕ್ಕೆ ಬರತಕ್ಕದ್ದು ಎಂದು ಸರ್ಕಾರದಿಂದ ತಿಳಿವಳಿಕೆ ಬಂತು. ವಿಷಯದ ಹೆಸರನ್ನು ಮೇಷ್ಟ್ರು 'ಇಕ್ವೇಷನ್' ಎಂದು ಓದಿಕೊಂಡರು. ಇಕ್ವೇಷನ್ ಎಂದರೆ ಬೀಜಗಣಿತದ ಸಮೀಕರಣ. ಲೆಕ್ಕದ ಪರೀಕ್ಷೆಗೆ ಮೈದಾನ ಏಕೆ ಎಂಬ ಅನುಮಾನ ಅವರಿಗೂ ಬಂದಿತ್ತು. ಒಬ್ಬರನ್ನೊಬ್ಬರು ನೋಡಿ ಬರೆಯದಂತೆ ದೂರ ದೂರ ಕೂರಿಸುತ್ತಾರೇನೋ ಎಂದು ತಾವೇ ಸಮಾಧಾನ ಹೇಳಿಕೊಂಡು, ವಾರವಿಡೀ ಹಗಲುರಾತ್ರಿ ಸಮೀಕರಣ ಬಿಡಿಸಿದರು. ಸಾರಿನ ಪಾತ್ರೆಯ ಆವಿಯಲ್ಲೂ ಅವರಿಗೆ ಎಕ್ಸ್ ಮತ್ತು ವೈ ಕಾಣುತ್ತಿದ್ದವು.

ಪರೀಕ್ಷೆಯ ದಿನ ಬೆಳಿಗ್ಗೆ ಸುಶೀಲಾ ಆ ಕಾಗದವನ್ನು ದೇವರ ಮುಂದೆ ಇಡಲು ತೆಗೆದುಕೊಂಡವಳು ಹಾಗೇ ನಿಂತುಬಿಟ್ಟಳು.

"ನೋಡಿ, ಇದು ಇಕ್ವೇಷನ್ ಅಲ್ಲ," ಎಂದಳು. "ನಡುವೆ ಐ, ಟಿ ಅಂತ ಇನ್ನೆರಡು ಅಕ್ಷರ ಇದೆ. ಇಕ್ವಿಟೇಷನ್."

"ಅಚ್ಚಿನ ತಪ್ಪಿರಬೇಕು ಬಿಡು."

ಅವಳು ನಿಘಂಟು ತೆಗೆದು ಪುಟ ಮಗುಚಿದಳು. "ನಿಘಂಟಿನಲ್ಲೂ ಇದೇ ತಪ್ಪು ಇದೆಯಲ್ಲ. ಇಲ್ಲಿ ಇದಕ್ಕೆ ಕುದುರೆ ಸವಾರಿ ಅಂತ ಅರ್ಥ ಕೊಟ್ಟಿದ್ದಾರೆ."

ಮೇಷ್ಟ್ರು ಪಂಚೆಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಚೇರಿಗೆ ಓಡಿದರು. ಅಲ್ಲಿಯ ಗುಮಾಸ್ತರು ವೀಳ್ಯ ಮಡಿಸುತ್ತ, ಬೆಟ್ಟದ ಮೇಲಿನ ಹಳ್ಳಿಗಳಿಗೆ ಗಾಡಿ ಹೋಗುವುದಿಲ್ಲವಾದ್ದರಿಂದ ಅಮಲ್ದಾರರಾಗುವವರಿಗೆ ಸವಾರಿ ಬರಲೇಬೇಕೆಂದೂ, ಡೆಪ್ಯುಟಿ ಕಮಿಷನರ್ ಸಾಹೇಬರು ಖುದ್ದಾಗಿ ಪರೀಕ್ಷೆ ಮಾಡುತ್ತಾರೆಂದೂ, ಕುದುರೆಯನ್ನು ಅವರವರೇ ತರಬೇಕೆಂದೂ ಹೇಳಿದರು. ಇನ್ನೊಂದು ದಿನ ಬರಬಹುದೇ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಮುಂದಿನ ವರ್ಷ ಬನ್ನಿ ಎಂದರು. ಮುಂದಿನ ತಿಂಗಳು ಮೇಷ್ಟ್ರ ವಯಸ್ಸು ಪರೀಕ್ಷೆಯ ಮಿತಿ ದಾಟುತ್ತಿತ್ತು.

ಕುದುರೆ ಎಂಬ ಪ್ರಾಣಿಯೊಂದಿಗೆ ಅವರಿಗಿದ್ದ ಪರಿಚಯ ಜಟಕಾದ ಹಿಂಭಾಗದಲ್ಲಿ ಕುಳಿತಷ್ಟೇ. ಬೇರೆ ಯಾರಾದರೂ ಆಗಿದ್ದರೆ ಮುಸುಕೆಳೆದು ಮಲಗುತ್ತಿದ್ದರು. ಮೇಷ್ಟ್ರು ಮನೆಗೆ ಬಂದವರೇ ಲೆಕ್ಕದ ಪುಸ್ತಕ ಮುಚ್ಚಿಟ್ಟು, "ಸಂಜೆಯವರೆಗೆ ಹೊತ್ತಿದೆ. ಕಲಿತರಾಯಿತು," ಎಂದರು. ಆ ಮಾತು ಗೋಡೆ ದಾಟಲು ತಡವಾಗಲಿಲ್ಲ. ಎರಡು ನಿಮಿಷದಲ್ಲಿ ಇಡೀ ವಠಾರ ಅವರ ಬಾಗಿಲಲ್ಲಿ ನೆರೆದಿತ್ತು.

ಎಲ್ಲರಿಗಿಂತ ಮುಂದೆ ನಿಂತವರು ಮಂಜಯ್ಯನವರು. ಅವರು ಮಹಾರಾಜರ ಕುದುರೆ ಪಡೆಯಲ್ಲಿದ್ದು ಪೆನ್ಷನ್ ಪಡೆದು ಬಂದವರು. ಆದ್ದರಿಂದ ಆ ದಿನದ ಮಟ್ಟಿಗೆ ಅವರೇ ವಠಾರದ ದಳಪತಿಗಳಾದರು. ಪಡೆಯಲ್ಲಿ ಅವರು ಇಪ್ಪತ್ತು ವರ್ಷ ಮಾಡಿದ ಕೆಲಸ ಜೀನು ಹೊಲಿಯುವುದು ಎಂಬ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಜೀನಿನ ಹೊಲಿಗೆ ಅವರಿಗೆ ಚೆನ್ನಾಗಿ ಬರುತ್ತಿತ್ತು. ಜೀನಿನ ಮೇಲೆ ಕೂರುವವನ ವಿಚಾರ, ಅದರ ಕೆಳಗಿರುವ ಪ್ರಾಣಿಯ ವಿಚಾರ, ಇವೆರಡೂ ಅವರ ಇಲಾಖೆಗೆ ಸೇರಿರಲಿಲ್ಲ.

"ನೀವೇನೂ ಯೋಚನೆ ಮಾಡ್ಬೇಡಿ ಮೇಷ್ಟ್ರೆ," ಎಂದರು ಮಂಜಯ್ಯ. "ಬರಹದ ಪರೀಕ್ಷೆ ನಿಮ್ದಾಯ್ತು, ಸವಾರಿ ಪರೀಕ್ಷೆ ನಮ್ದು."

ಅವರು ಪೆಟ್ಟಿಗೆಯ ತಳದಿಂದ ಒಂದು ಹಳೆಯ ಸವಾರಿ ಷರಾಯಿ ತೆಗೆದುಕೊಟ್ಟರು. ಅದನ್ನು ಹೊಲಿದದ್ದು ಯಾವನೋ ಭಾರಿ ಸಿಪಾಯಿಗಾಗಿ. ಮೇಷ್ಟ್ರು ತೊಟ್ಟಾಗ ಎರಡೂ ಪಕ್ಕ ಉಬ್ಬಿಕೊಂಡು, ಒಬ್ಬ ಮನುಷ್ಯ ಎರಡು ಹಲಸಿನ ಹಣ್ಣನ್ನು ಕದ್ದು ಸಾಗಿಸುತ್ತಿರುವ ಹಾಗೆ ಕಂಡಿತು. ಬಹಳ ಚೆನ್ನಾಗಿದೆ ಎಂದು ನಂಜಮ್ಮ ದೃಷ್ಟಿ ತೆಗೆದರು.

ಇನ್ನು ಕುದುರೆ. ಪೇಟೆಯಲ್ಲಿ ಮಂಡಿ ಇಟ್ಟಿದ್ದ ತಮ್ಮಯ್ಯ ಎಂಬ ವ್ಯಾಪಾರಿ ಕುದುರೆಗಳ ಮೇಲೆ ಉಪ್ಪು, ಅಕ್ಕಿ ಹೇರಿ ಅತ್ತಿಗುಂಡಿಯ ಕಾಫಿ ತೋಟಗಳಿಗೆ ಕಳಿಸುತ್ತಿದ್ದ. ಮಂಜಯ್ಯ ಹೋಗಿ ಕೇಳಿದ ಕೂಡಲೇ, ನಮ್ಮೂರಿನ ಅಮಲ್ದಾರರಿಗೆ ಇಲ್ಲವೆನ್ನುವುದುಂಟೇ ಎಂದು ಹೊರೆಯಿಲ್ಲದೆ ನಿಂತಿದ್ದ ಒಂದು ಕಂದು ಕುದುರೆಯನ್ನು ಬಿಟ್ಟುಕೊಟ್ಟ. ಗಿಡ್ಡ ಕಾಲು, ದೊಡ್ಡ ಹೊಟ್ಟೆ, ಪ್ರಪಂಚವನ್ನೆಲ್ಲ ನೋಡಿ ಮುಗಿಸಿದಂಥ ಕಣ್ಣು. ಮಂಜಯ್ಯ ಅದರ ಬೆನ್ನಿಗೆ ಜೀನು ಬಿಗಿದ ಚಂದ ನೋಡಿ ತಮ್ಮಯ್ಯನೇ ತಲೆದೂಗಿದ. ಮಂಡಿಯ ಅಂಗಳದಲ್ಲೇ ನಾಲ್ಕು ಜನ ಸೇರಿ ಮೇಷ್ಟ್ರನ್ನು ಎತ್ತಿ ಕೂರಿಸಿದರು.

ಕುದುರೆ ಅಲುಗಲಿಲ್ಲ. ಮಂಜಯ್ಯ ಉರ್ದುವಿನಲ್ಲಿ ಏನೇನೋ ಹುಕುಂ ಕೊಟ್ಟರು. ನಂಜಮ್ಮ ಬೆಲ್ಲ ತೋರಿಸಿದರು. ಕುದುರೆ ಬೆಲ್ಲ ತಿಂದು ಮತ್ತೆ ನಿಂತಿತು. ಹಿಂದಿನಿಂದ ನೂಕಿದರು, ಮುಂದಿನಿಂದ ಎಳೆದರು. ಮೇಲೆ ಕೂತ ಮೇಷ್ಟ್ರು ತಮ್ಮ ಶಿಷ್ಯರಿಗೆ ಹೇಳುವ ಹಾಗೆ ಅದಕ್ಕೂ ನಯವಾಗಿ ಎರಡು ಮಾತು ಹೇಳಿದರು. ಕಲ್ಲುಬಸವನ ಮೇಲೆ ಕೂತಿದ್ದರೂ ಅದಕ್ಕಿಂತ ಹೆಚ್ಚು ಚಲನೆ ಸಿಗುತ್ತಿತ್ತೇನೋ. ನೀವೇ ಒಮ್ಮೆ ಹತ್ತಿ ತೋರಿಸಿ ಎಂದು ಯಾರೋ ಕೇಳಿದಾಗ ಮಂಜಯ್ಯನವರಿಗೆ ತಟ್ಟನೆ ಮಂಡಿನೋವು ನೆನಪಾಯಿತು.

ಅಷ್ಟರಲ್ಲಿ ತಮ್ಮಯ್ಯನ ಮಂಡಿಯ ಇನ್ನೊಂದು ಬದಿಯಿಂದ ಹೊರೆ ಹೊತ್ತ ಕುದುರೆಗಳ ಸಾಲು ಅತ್ತಿಗುಂಡಿಗೆ ಹೊರಟಿತು. ಮುಂದಿನ ಕುದುರೆಯ ಕೊರಳಲ್ಲಿ ದೊಡ್ಡ ಗೆಜ್ಜೆಸರ ಝಲ್ ಝಲ್ ಎಂದಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರ ಕುದುರೆ ಕತ್ತೆತ್ತಿತು. ಗಂಭೀರವಾಗಿ ನಡೆದು ಹೋಗಿ ಸಾಲಿನ ಕೊನೆಗೆ ಸೇರಿಕೊಂಡಿತು.

ವಠಾರದವರ ಸಂತೋಷ ಹೇಳತೀರದು. ಮೇಷ್ಟ್ರು ಹತ್ತಿದ ಗಳಿಗೆಯಲ್ಲೇ ಕಲಿತುಬಿಟ್ಟರು ಎಂದು ಒಬ್ಬರು, ತಲೆಯಿದ್ದವರಿಗೆ ಯಾವ ವಿದ್ಯೆಯೂ ಕಷ್ಟವಲ್ಲ ಎಂದು ಇನ್ನೊಬ್ಬರು ಹೇಳುತ್ತ ಊರಿನ ಅಂಚಿನವರೆಗೆ ಹಿಂಬಾಲಿಸಿದರು. ಇನ್ನು ಅಭ್ಯಾಸ ಮಾಡಿಕೊಳ್ಳಲಿ ಎಂದು ಅಲ್ಲಿಂದ ಹಿಂತಿರುಗಿ, ಹಾರ ಕಟ್ಟಿಸುವ ವಿಚಾರ ಮಾತಾಡಿಕೊಂಡರು. ಮೇಷ್ಟ್ರಿಗೂ ಮೊದಲ ಒಂದು ಮೈಲಿ ಒಳಗೊಳಗೇ ಹೆಮ್ಮೆಯಾಗಿತ್ತು. ಇಷ್ಟು ಸಾಕು, ಹಿಂದಿರುಗೋಣ ಎಂದು ಲಗಾಮು ಎಳೆದಾಗಲೇ ಅವರಿಗೆ ತಿಳಿದದ್ದು, ಈ ಸವಾರಿಯಲ್ಲಿ ತಮ್ಮ ಪಾತ್ರ ಉಪ್ಪಿನ ಮೂಟೆಯದಕ್ಕಿಂತ ದೊಡ್ಡದಲ್ಲವೆಂದು.

ಎಡಕ್ಕೆ ಎಳೆದರೂ ಬಲಕ್ಕೆ ಎಳೆದರೂ ಕುದುರೆ ಸಾಲು ಬಿಡಲಿಲ್ಲ. ಊರು ಹಿಂದಾಯಿತು. ಬೆಟ್ಟದ ಬುಡ ಬಂತು. ಕೈಮರ ಎಂಬಲ್ಲಿ ನೀರಿನ ಹಳ್ಳದ ಬಳಿ ಸಾಲು ವಿಶ್ರಾಂತಿಗೆ ನಿಂತಾಗ ಮೇಷ್ಟ್ರು ಜಾರಿ ಕೆಳಗಿಳಿದರು. ಕಾಲೆರಡೂ ಇಕ್ಕಳದಂತೆ ಅಗಲಿಸಿಯೇ ನಿಂತಿದ್ದವು. ಸಾಲನ್ನು ಹೊಡೆದುಕೊಂಡು ಬಂದಿದ್ದ ಬೆಳ್ಳಿಯಪ್ಪ ಮುಂದಿನ ಕುದುರೆಯ ಹೊರೆ ಇಳಿಸಿ, ಗೆಜ್ಜೆಸರ ಬಿಚ್ಚಿ ಮರಕ್ಕೆ ನೇತುಹಾಕಿದವನು ತಿರುಗಿ ನೋಡಿದ. ಅವನಿಗೆ ಆಶ್ಚರ್ಯವೋ ಆಶ್ಚರ್ಯ.

"ಸ್ವಾಮಿಯೋರು ಅತ್ತಿಗುಂಡಿಗಾ?" ಎಂದು ಕೇಳಿದ.

ಮೇಷ್ಟ್ರು ತಮ್ಮ ಕಥೆ ಹೇಳಿಕೊಂಡರು. ಬೆಳ್ಳಿಯಪ್ಪ ಗಲ್ಲ ಕೆರೆದುಕೊಂಡ. "ಅದು ಸಾಲಿನ ಕುದುರೆ ಮಾರಾಯ್ರೆ. ಬೆಟ್ಟದಲ್ಲಿ ಮಂಜು ಮುಸುಕಿದ್ರೆ ಮುಂದಿಂದು ಕಾಣಲ್ಲ, ಗೆಜ್ಜೆ ಸದ್ದು ಹಿಡ್ಕೊಂಡೇ ಹೋಗ್ಬೇಕು. ಮರಿಯಾಗಿದ್ದಾಗಿಂದ ಅಷ್ಟೇ ಕಲಿಸಿರೋದು. ಗೆಜ್ಜೆ ಇಲ್ದೆ ಹೆಜ್ಜೆ ಇಡಲ್ಲ."

ಹಾಗಾದರೆ ಆ ಗೆಜ್ಜೆಯನ್ನೇ ಕೊಡಬಹುದೇ ಎಂದು ಮೇಷ್ಟ್ರು ಕೇಳಿದರು.

"ಕೊಟ್ರೆ ಇವೆಲ್ಲಾನೂ ನಿಮ್ಮ ಹಿಂದೇನೇ ಪೇಟೆಗೆ ಬರ್ತವೆ. ಅತ್ತಿಗುಂಡಿಯೋರು ಉಪ್ಪಿಲ್ದೆ ಉಣ್ಬೇಕಾಗ್ತದೆ," ಎಂದ ಬೆಳ್ಳಿಯಪ್ಪ. ಕುದುರೆಯನ್ನು ಇಲ್ಲೇ ಬಿಟ್ಟು ನಡೆದುಕೊಂಡು ಹೋಗಿ, ನಾಳೆ ಇಳಿಯುವಾಗ ತಂದುಕೊಡುತ್ತೇನೆ ಎಂದೂ ಹೇಳಿದ. ಕುದುರೆ ಇಲ್ಲದೆ ಕುದುರೆ ಸವಾರಿಯ ಪರೀಕ್ಷೆಗೆ ಹೋಗಿ ಮಾಡುವುದೇನು? ಮೇಷ್ಟ್ರು ಒಂದು ಕಲ್ಲಿನ ಮೇಲೆ ಕೂತರು. ಬಿಸಿಲು ಆಗಲೇ ಇಳಿಮುಖವಾಗಿತ್ತು. ನಾಲ್ಕು ವರ್ಷದ ಓದು, ಸುಶೀಲಾ ಕೇಳಿದ ಸಾವಿರಾರು ಪ್ರಶ್ನೆ, ಎಲ್ಲವೂ ಆ ಹಳ್ಳದ ನೀರಿನ ಜೊತೆ ಹರಿದು ಹೋಗುತ್ತಿರುವಂತೆ ಅವರಿಗೆ ಅನ್ನಿಸಿತು.

ಆಗ ಮೇಲಿನ ತಿರುವಿನಿಂದ ಗೆಜ್ಜೆಯ ಸದ್ದು ಕೇಳಿಸಿತು. ತೋಟಗಳ ಟಪಾಲು ಹೊತ್ತು ಓಡುವ ಗಿಡ್ಡಪ್ಪ ಬೆಟ್ಟ ಇಳಿದು ಬರುತ್ತಿದ್ದ. ಕಾಡುಪ್ರಾಣಿ ಅಡ್ಡ ಬರದಿರಲೆಂದು ಟಪಾಲಿನವರ ಕೈಯ ಈಟಿಗೆ ಗೆಜ್ಜೆ ಕಟ್ಟಿರುತ್ತಿತ್ತು. ಮೇಯುತ್ತಿದ್ದ ಕಂದು ಕುದುರೆ ತಲೆಯೆತ್ತಿ ಕಿವಿ ನಿಮಿರಿಸಿತು.

"ಹತ್ತಿ ಸ್ವಾಮಿ," ಎಂದ ಬೆಳ್ಳಿಯಪ್ಪ. "ಅವ್ನು ಹೋಗೋದು ಪೇಟೆಗೇ."

ಇಲ್ಲಿ ಮೇಷ್ಟ್ರನ್ನು ಮೆಚ್ಚಲೇಬೇಕು. ಬೆಳಿಗ್ಗೆ ನಾಲ್ಕು ಜನ ಎತ್ತಿ ಕೂರಿಸಬೇಕಾಗಿದ್ದವರು ಈಗ ಯಾರ ಸಹಾಯವನ್ನೂ ಕೇಳದೆ, ಎರಡು ಸಲ ಜಾರಿ ಮೂರನೆಯ ಸಲ ತಾವಾಗಿಯೇ ಬೆನ್ನೇರಿದರು. ಗಿಡ್ಡಪ್ಪ ಝಲ್ಲೆಂದು ಪಕ್ಕದಲ್ಲಿ ಹಾದುಹೋದ. ಬೆಳ್ಳಿಯಪ್ಪ ಉಳಿದ ಕುದುರೆಗಳ ಹಗ್ಗ ಬಿಗಿಹಿಡಿದ; ಕಂದು ಕುದುರೆ ಟಪಾಲಿನ ಹಿಂದೆ ಹೊರಟಿತು.

ಗಿಡ್ಡಪ್ಪನಿಗೆ ಬೆನ್ನ ಹಿಂದೆ ಗೊರಸಿನ ಸದ್ದು ಕೇಳಿತು. ಅವನು ಬದಿಗೆ ಸರಿದ; ಸದ್ದೂ ಬದಿಗೆ ಸರಿಯಿತು. ಒಮ್ಮೆ ತಿರುಗಿ ನೋಡಿದ. ಬಿಚ್ಚಿದ ಜುಟ್ಟು, ಗಾಳಿ ತುಂಬಿ ಗುಡಾಣಗಳಾಗಿದ್ದ ಷರಾಯಿ, ಕುದುರೆಯ ಕತ್ತನ್ನು ತಬ್ಬಿ "ನಿಲ್ಲಬೇಡ, ನಿಲ್ಲಬೇಡ" ಎಂದು ಬೇಡುತ್ತಿದ್ದ ಒಂದು ಆಕೃತಿ. ಸರ್ಕಾರದ ಟಪಾಲು ದೋಚಲು ಬಂದವನೇ ಇವನು, ಅದರ ಮೇಲೆ ಹುಚ್ಚು ಬೇರೆ ಎಂದುಕೊಂಡು ಗಿಡ್ಡಪ್ಪ ಜೀವ ಕೈಯಲ್ಲಿ ಹಿಡಿದು ಓಡತೊಡಗಿದ. ಅವನು ಓಡಿದಷ್ಟೂ ಗೆಜ್ಜೆ ಜೋರಾಯಿತು. ಗೆಜ್ಜೆ ಜೋರಾದಷ್ಟೂ ಕುದುರೆ ಜೋರಾಯಿತು. ಕುದುರೆ ಜೋರಾದಷ್ಟೂ ಗಿಡ್ಡಪ್ಪ ಇನ್ನೂ ಜೋರಾದ. ಮೊದಲ ತಿರುವಿನಲ್ಲಿ ಮೇಷ್ಟ್ರ ಕನ್ನಡಕ ಹಾರಿಹೋಯಿತು. ಅಲ್ಲಿಂದಾಚೆಗೆ ಅವರಿಗೆ ಪ್ರಪಂಚ ಹಾಲು ಬೆರೆಸಿದ ಹುರುಳಿಸಾರಿನಂತೆ ಕಂಡಿತೇ ಹೊರತು ಬೇರೇನೂ ತಿಳಿಯಲಿಲ್ಲ. ಆದರೂ ಅವರು ಕತ್ತು ಬಿಡಲಿಲ್ಲ.

ಊರಿನ ಅಂಚಿನಲ್ಲಿ ಹಾರ ಹಿಡಿದು ಕಾಯುತ್ತಿದ್ದ ಮಂಜಯ್ಯ ಮತ್ತು ವಠಾರದವರ ಎದುರು ಮೊದಲು ಟಪಾಲು, ಅದರ ಹಿಂದೆ ಮೇಷ್ಟ್ರು ಬಾಣದ ಹಾಗೆ ಹಾದುಹೋದರು. ಲಗಾಮನ್ನೇ ಹಿಡಿಯದೆ ಹೀಗೆ ಓಡಿಸುವವರನ್ನು ತಾನು ಪಡೆಯಲ್ಲೂ ನೋಡಿರಲಿಲ್ಲ ಎಂದು ಮಂಜಯ್ಯ ಗದ್ಗದರಾದರು. ಎಲ್ಲರೂ ಹಾರ ಎತ್ತಿಕೊಂಡು ಹಿಂದೆ ಓಡಿದರು.

ಗಿಡ್ಡಪ್ಪ ಒಂದು ಸಂದಿಗೆ ನುಗ್ಗಿ ಯಾರದೋ ಹಿತ್ತಿಲಿನ ಬೇಲಿ ಹಾರಿ ಮಾಯವಾದ. ಗೆಜ್ಜೆ ನಿಂತಿತು. ಕುದುರೆಯೂ ನಿಲ್ಲುವುದರಲ್ಲಿತ್ತು. ಆಗ ಎಡಗಡೆಯ ಬಯಲಿನಲ್ಲಿ ಯಾರೋ ದೊಡ್ಡದೊಂದು ಗಂಟೆಯನ್ನು ಢಣಢಣ ಬಾರಿಸತೊಡಗಿದರು. ಕುದುರೆ ಅತ್ತ ತಿರುಗಿತು. ಮೇಷ್ಟ್ರ ಮಬ್ಬುಗಣ್ಣಿಗೆ ಬಿಳಿಯ ಡೇರೆ, ಕೆಂಪು ಬಾವುಟ, ಸಾಲಾಗಿ ಹ್ಯಾಟುಗಳು ಕಂಡವು. ಪಕ್ಕದಲ್ಲಿ ಇನ್ನೂ ಐದಾರು ಕುದುರೆ ಓಡುತ್ತಿದ್ದವು. ಇವರೆಲ್ಲ ಉಳಿದ ಅಭ್ಯರ್ಥಿಗಳು, ಪರೀಕ್ಷೆ ಶುರುವಾಗಿಹೋಗಿದೆ ಎಂದು ಮೇಷ್ಟ್ರು ಹಲ್ಲು ಕಚ್ಚಿದರು. ಕಂದು ಕುದುರೆ ಗಂಟೆ ಹೊಡೆಯುವವನ ಬಳಿಗೆ ಎಲ್ಲರಿಗಿಂತ ಮೊದಲು ತಲುಪಿ, ಅವನ ಅಂಗಿಯ ತೋಳಿಗೆ ಮೂತಿ ಒತ್ತಿ ನಿಂತಿತು.

ಚಪ್ಪಾಳೆಯೋ ಚಪ್ಪಾಳೆ. ಕೆಂಪು ಮುಖದ ಒಬ್ಬ ದೊರೆ ಬಂದು ಮೇಷ್ಟ್ರನ್ನು ಕೆಳಗಿಳಿಸಿ ಕೈ ಕುಲುಕಿದ. ಬೆಂಗಳೂರಿನಿಂದ ಬಂದ ಹಿರಿಯ ಪರೀಕ್ಷಕರೆಂದು ಮೇಷ್ಟ್ರು ತಿಳಿದರು. ದೊರೆ "ಎಸ್ಟೇಟ್?" ಎಂದು ಕೇಳಿದ.

"ಮೈಸೂರು ಸ್ಟೇಟ್, ಸರ್," ಎಂದರು ಮೇಷ್ಟ್ರು ನೆಟ್ಟಗೆ ನಿಂತು.

ದೊರೆಗಳೆಲ್ಲ ಹೊಟ್ಟೆ ಹಿಡಿದು ನಕ್ಕರು, ಬೆನ್ನು ತಟ್ಟಿದರು, ಒಂದು ಬೆಳ್ಳಿಯ ಬಟ್ಟಲನ್ನು ಕೈಯಲ್ಲಿಟ್ಟರು. ಪಾಸಾದವರಿಗೆ ಸರ್ಕಾರ ಬಟ್ಟಲು ಕೊಡುತ್ತದೆಂದು ಮೇಷ್ಟ್ರು ಎಲ್ಲೂ ಓದಿರಲಿಲ್ಲ. ಅಷ್ಟರಲ್ಲಿ ವಠಾರದವರು ಬಂದು ಹಾರ ಹಾಕಿದರು. ಪರೀಕ್ಷೆ ಎಲ್ಲೆಂದು ಅವರ ಪೈಕಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಕುರ್ಚಿ, ಡೇರೆ, ದೊರೆಗಳು, ಕುದುರೆಗಳು ಇದ್ದ ಮೇಲೆ ಇದೇ ಪರೀಕ್ಷೆ ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಇಬ್ಬರು ಎರಡು ಕಡೆಯಿಂದ ಮೇಷ್ಟ್ರ ತೋಳು ಹಿಡಿದು ನಿಧಾನವಾಗಿ ಮನೆಗೆ ನಡೆಸಿಕೊಂಡು ಬಂದರು. ದಾರಿಯುದ್ದಕ್ಕೂ ಮಂಜಯ್ಯ, ಈ ಸವಾರಿಗೆ ಜೀನು ಬಿಗಿದವರು ಯಾರೆಂದು ಕೇಳದವರಿಗೂ ಹೇಳಿದರು.

ಸುಶೀಲಾ ಆರತಿ ಎತ್ತಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಪರೀಕ್ಷೆ ಪೊಲೀಸ್ ಲೈನಿನ ಹತ್ರ ಅಲ್ಲವಾ? ನೀವು ಈ ಕಡೆಯಿಂದ ಹೇಗೆ ಬಂದ್ರಿ?"

ಮೇಷ್ಟ್ರ ಮುಖದ ನಗೆ ಇದ್ದಲ್ಲೇ ನಿಂತಿತು. ಅವಳು ಬಟ್ಟಲನ್ನು ಬೆಳಕಿಗೆ ಹಿಡಿದು, ಅದರ ಮೇಲೆ ಕೊರೆದಿದ್ದ ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಾಫಿ ತೋಟದ ಪ್ಲಾಂಟರುಗಳ ವಾರ್ಷಿಕ ಕ್ರೀಡಾಕೂಟ. ಎಸ್ಟೇಟ್ ರೈಟರುಗಳ, ಅಂದರೆ ತೋಟದ ಗುಮಾಸ್ತರ, ಮತ್ತು ಮೇಸ್ತ್ರಿಗಳ ತಟ್ಟುಕುದುರೆ ಓಟ. ಮೊದಲನೆಯ ಬಹುಮಾನ.

ಮಂಜಯ್ಯ ಮೇಷ್ಟ್ರ ಕೊರಳಿನ ಹಾರವನ್ನು ಮೆಲ್ಲಗೆ ತೆಗೆದರು. ನಂಜಮ್ಮನವರು ಮಾತ್ರ, ಬಹುಮಾನ ಅಂದ್ರೆ ಬಹುಮಾನವೇ, ಅದೇನು ಕಡಿಮೆಯಾ ಎಂದರು. ಅಷ್ಟರಲ್ಲಿ ಕಚೇರಿಯ ಜವಾನ ಬಾಗಿಲಿಗೆ ಬಂದು, ಸಾಹೇಬರು ಬಂಗಲೆಗೆ ಈ ಕೂಡಲೇ ಬರಹೇಳಿದ್ದಾರೆ, ಪರೀಕ್ಷೆಗೆ ಬಾರದೆ ಇದ್ದದ್ದಕ್ಕೆ ಸಮಜಾಯಿಷಿ ಕೊಡಬೇಕಂತೆ ಎಂದ.

ಹೊತ್ತು ಮುಳುಗುತ್ತಿತ್ತು. ಮೇಷ್ಟ್ರು ಪಂಚೆ ಉಟ್ಟು, ರುಮಾಲು ಸುತ್ತಿ ಹೊರಟರು. ವಠಾರವೂ ಹೊರಟಿತು. ಜ್ವರ ಬಂದಿತ್ತು ಎನ್ನಿ ಎಂದು ಒಬ್ಬರು, ದೊರೆಗಳು ಬಲವಂತ ಮಾಡಿ ಕರೆದುಕೊಂಡು ಹೋದರು ಎನ್ನಿ, ಬಿಳಿಯರ ಮಾತಿಗೆ ಸಾಹೇಬರೂ ಎದುರಾಡುವುದಿಲ್ಲ ಎಂದು ಮಂಜಯ್ಯ, ದಾರಿಯುದ್ದಕ್ಕೂ ಬಗೆಬಗೆಯ ಸುಳ್ಳು ಹೊಸೆದು ಕೊಟ್ಟರು. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಬಂಗಲೆಯ ಗೇಟಿನಲ್ಲಿ ಅವರೆಲ್ಲ ನಿಂತರು. ಮೇಷ್ಟ್ರು ಒಬ್ಬರೇ ಒಳಗೆ ಹೋದರು.

ಡೆಪ್ಯುಟಿ ಕಮಿಷನರ್ ಸಾಹೇಬರು ವರಾಂಡದಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರನ್ನು ಕೂರಲು ಹೇಳಿದರು. ಮೇಷ್ಟ್ರು ಕೂರುವ ಸ್ಥಿತಿಯಲ್ಲಿಲ್ಲದ ಕಾರಣ ನಿಂತೇ ಇದ್ದರು.

"ನಾನು ನಾಲ್ಕು ಗಂಟೆಯಿಂದ ಮೈದಾನದಲ್ಲಿ ನಿಮಗಾಗಿ ಕಾದೆ, ಪರಮೇಶ್ವರಯ್ಯನವರೆ," ಎಂದರು ಸಾಹೇಬರು. "ನೀವು ಪ್ಲಾಂಟರುಗಳ ಪಂದ್ಯದಲ್ಲಿ ಬಹುಮಾನ ತಗೊಂಡ ವಿಷಯ ಆಮೇಲೆ ತಿಳೀತು. ಈಗ ನಾನೇನು ಬರೀಲಿ, ನೀವೇ ಹೇಳಿ. ಕುದುರೆ ನಿಮ್ಮ ಮಾತು ಕೇಳ್ತಿತ್ತು ಅಂದ್ರೆ, ಸರ್ಕಾರದ ಪರೀಕ್ಷೆ ಬಿಟ್ಟು ಬೇಕೂಂತಲೇ ಪಂದ್ಯಕ್ಕೆ ಹೋದ್ರಿ ಅಂತಾಯ್ತು. ಅಂಥವರಿಗೆ ಈ ಕೆಲಸ ಕೊಡೋಕಾಗಲ್ಲ. ಕೇಳ್ತಿರಲಿಲ್ಲ ಅಂದ್ರೆ ನಿಮಗೆ ಸವಾರಿ ಬರೋಲ್ಲ ಅಂತಾಯ್ತು. ಅಂಥವರಿಗೂ ಕೊಡೋಕಾಗಲ್ಲ. ಎರಡರಲ್ಲಿ ಯಾವುದು?"

ಇದು ಯಾವ ಸಮೀಕರಣಕ್ಕೂ ಬಗ್ಗದ ಲೆಕ್ಕವಾಗಿತ್ತು. ಗೇಟಿನಾಚೆ ಮಂಜಯ್ಯ ಹಣೆಯ ಮೇಲೆ ಕೈಯಿಟ್ಟು ಜ್ವರದ ಅಭಿನಯ ಮಾಡಿ ತೋರಿಸುತ್ತಿದ್ದರು. ಕನ್ನಡಕವಿಲ್ಲದ ಮೇಷ್ಟ್ರಿಗೆ ಅದು ಕಾಣಲಿಲ್ಲ. ಕಂಡಿದ್ದರೂ ಏನೂ ಆಗುತ್ತಿರಲಿಲ್ಲ. ಕಾಗದದ ಮೇಲಾಗಲಿ ಬಾಯಲ್ಲಾಗಲಿ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ನನಗೆ ಸವಾರಿ ಬರೋದಿಲ್ಲ, ಸ್ವಾಮಿ," ಎಂದರು. "ಇವತ್ತು ಬೆಳಗಿನವರೆಗೆ ನಾನು ಕುದುರೆ ಮುಟ್ಟಿದವನೂ ಅಲ್ಲ. ಅದು ಕರೆದುಕೊಂಡು ಹೋದ ಕಡೆ ಹೋದೆ."

ಆಮೇಲೆ ಎರಡಕ್ಷರದ ಕಥೆಯಿಂದ ಹಿಡಿದು ಟಪಾಲಿನ ಗಿಡ್ಡಪ್ಪನವರೆಗೆ ಎಲ್ಲವನ್ನೂ ಹೇಳಿದರು. ಸಾಹೇಬರು ಮೊದಲು ಗಂಭೀರವಾಗಿ ಕೇಳಿದರು, ಆಮೇಲೆ ಮೀಸೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು, ಉಪ್ಪಿನ ಮೂಟೆಯ ಭಾಗ ಬಂದಾಗ ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುತ್ತಿತ್ತು. ತಿರುಗಿದಾಗ ಕಣ್ಣೊರೆಸಿಕೊಂಡರು.

"ಇವತ್ತು ಮೂರು ಜನ ಬಂದಿದ್ರು," ಎಂದರು. "ಒಬ್ಬರು ಬಿದ್ದರು, ಇಬ್ಬರಿಗೆ ಹತ್ತೋಕೇ ಆಗಲಿಲ್ಲ. ಮೂವರೂ ಕುದುರೆಗೆ ಮೈ ಸರಿಯಿಲ್ಲ ಅಂದರು. ಮೈ ಸರಿಯಾಗಿರೋ ಕುದುರೆ ಹತ್ತಿದವರು ನೀವೊಬ್ಬರೇ. ಗೊತ್ತಿಲ್ಲದ ಪ್ರಾಣಿಯನ್ನ ಕೈಮರದಿಂದ ಇಲ್ಲೀವರೆಗೆ ಬಿಡದೆ ಹಿಡ್ಕೊಂಡು ಬಂದಿದೀರಿ, ಅದರ ಮೇಲೆ ಸತ್ಯ ಹೇಳಿದೀರಿ. ನಿಮ್ಮಂಥವರನ್ನ ಕಳ್ಕೊಳ್ಳೋಕೆ ನನಗೆ ಇಷ್ಟ ಇಲ್ಲ."

ಮೇಷ್ಟ್ರು ಕೈ ಮುಗಿದರು.

"ಆದ್ರೆ ಸವಾರಿ ನೋಡದೆ ನಾನು ಸಹಿ ಹಾಕೋ ಹಾಗಿಲ್ಲ," ಎಂದು ಸಾಹೇಬರು ಮುಂದುವರಿಸಿದರು. "ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೊಂದು ಅವಕಾಶ ಕೊಡ್ತೀನಿ. ಕುದುರೆಗೆ ನೀವು ಅಲೀಬೇಡಿ. ನನ್ನದನ್ನೇ ಕೊಡ್ತೀನಿ."

ಬಂಗಲೆಯ ಹಿಂದಿನ ಲಾಯದಿಂದ ಬಾಗಿಲಿಗೆ ಧಡ್ಡೆಂದು ಒದ್ದ ಸದ್ದು ಬಂತು. ಸಾಹೇಬರು ಆ ಕಡೆ ಪ್ರೀತಿಯಿಂದ ನೋಡಿದರು. "ನಿಮಗೆ ಇವತ್ತಿನ ತೊಂದರೆ ಇರೋದಿಲ್ಲ. ಇವನು ಯಾರ ಹಿಂದೆಯೂ ಹೋಗೋನಲ್ಲ. ಮುಂದೆ ಯಾರಾದ್ರೂ ಕಂಡ್ರೆ ದಾಟೋವರೆಗೂ ನಿಲ್ಲೋದಿಲ್ಲ. ಹೋದ ವಾರ ಇಬ್ಬರನ್ನ ಆಸ್ಪತ್ರೆಗೆ ಕಳಿಸಿದಾನೆ, ಅಷ್ಟು ಚುರುಕು."

ಮೇಷ್ಟ್ರು ಗೇಟಿನವರೆಗೆ ಹೇಗೆ ನಡೆದು ಬಂದರೋ ಅವರಿಗೇ ತಿಳಿಯಲಿಲ್ಲ. ಏನಾಯಿತೆಂದು ಎಲ್ಲರೂ ಮುತ್ತಿಕೊಂಡರು. ನಾಳೆ ಮತ್ತೆ ಪರೀಕ್ಷೆ, ಸಾಹೇಬರ ಸ್ವಂತ ಕುದುರೆಯ ಮೇಲೆ ಎಂದು ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು. ಅದರ ಮುಂದಿನ ಮಾತು ಹೇಳಲು ಅವರಿಗೆ ಯಾರೂ ಅವಕಾಶ ಕೊಡಲಿಲ್ಲ.

"ಸಾಹೇಬ್ರ ಸ್ವಂತ ಕುದುರೆ," ಎಂದು ಮಂಜಯ್ಯ ಎರಡು ಸಲ ಹೇಳಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ಮಹಾರಾಜರ ಪಡೇಲಿ ಇಪ್ಪತ್ತು ವರ್ಷ ಇದ್ದೆ. ಯಾರಿಗೂ ಇಂಥ ಮರ್ಯಾದೆ ಸಿಕ್ಕಿದ್ದು ನೋಡಿಲ್ಲ."

ನಂಜಮ್ಮ ಅಲ್ಲೇ ನೆಟಿಗೆ ಮುರಿದರು. ನಾಲ್ಕು ಜನ ಬಗ್ಗಿ ಮೇಷ್ಟ್ರನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಜಯಕಾರ ಹಾಕುತ್ತ ಪೇಟೆ ಬೀದಿಯ ಕಡೆಗೆ ಹೊರಟರು. ಮೇಷ್ಟ್ರು ಇಳಿಸಿರಪ್ಪಾ ಎಂದು ಬೇಡಿದರು, ಎಡಗಡೆ ತಿರುಗಿ ಮನೆಗೆ ಹೋಗೋಣ ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಅವರು ಇದ್ದ ನಾಲ್ಕು ತಲೆಗಳಲ್ಲಿ ಹತ್ತಿರದ್ದೊಂದನ್ನು ಭದ್ರವಾಗಿ ತಬ್ಬಿಕೊಂಡು ಕಣ್ಣು ಮುಚ್ಚಿದರು.